ಲ್ಯಾಪ್‌ಟಾಪ್ ತಂಪುಗೊಳಿಸುವಿಕೆ

ಲ್ಯಾಪ್‌ಟಾಪಿನ ಪ್ರೊಸೆಸರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತದೆ. ತೆಳುವಾದ ಕವಚದೊಳಗಿಂದ ಅದನ್ನು ಸಾಗಿಸುವುದು ಹೀಟ್ ಪೈಪ್. ಗಾಳಿ ತೆಗೆದು, ತುಸು ನೀರು ತುಂಬಿ ಮುಚ್ಚಿದ ಚಪ್ಪಟೆ ತಾಮ್ರದ ಕೊಳವೆ ಇದು. ಒಳಗೆ ಒತ್ತಡ ಕಡಿಮೆಯಿರುವುದರಿಂದ ನೀರು 100 ಡಿಗ್ರಿಗಿಂತ ಬಹಳ ಮೊದಲೇ ಆವಿಯಾಗಿ, ತಂಪಾದ ತುದಿಯಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಒಳಗೋಡೆಯ ಸೂಕ್ಷ್ಮ ರಂಧ್ರಗಳು ಅದನ್ನು ಬಿಸಿ ತುದಿಗೆ ಹೀರಿಕೊಂಡು ಬರುತ್ತವೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಹೀಟ್ ಪೈಪನ್ನು ರೂಪಿಸಿದಾಗ ಗಮನವಿದ್ದದ್ದು ಬಾಹ್ಯಾಕಾಶದತ್ತ.

ಕೊಳವೆಯ ತುದಿಯ ಲೋಹದ ಪಟ್ಟಿಗಳಿಂದ ಫ್ಯಾನ್ ಶಾಖವನ್ನು ಹೊರದೂಡುತ್ತದೆ. ಆದರೆ 2020ರ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಚಿಪ್ ತನ್ನ ಉಷ್ಣತೆಯ ಮಿತಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಳೆಯದಾಯಿತೆಂದು ಬೈಸಿಕೊಳ್ಳುವ ಎಷ್ಟೋ ನಿಧಾನ ಯಂತ್ರಗಳ ನಿಜವಾದ ರೋಗ, ಪಟ್ಟಿಗಳ ನಡುವೆ ಕಟ್ಟಿಕೊಂಡು ಶಾಖ ತಡೆಯುವ ಧೂಳು.

ಹಾಸಿಗೆ, ದಿಂಬುಗಳು ಗಾಳಿಕಿಂಡಿಗಳನ್ನು ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲೆ ಹಿಂಬದಿಯನ್ನು ಕೊಂಚ ಎತ್ತರಿಸಿಟ್ಟರೆ ಸಾಕು. ಕೂಲಿಂಗ್ ಪ್ಯಾಡಿನ ಪ್ರಯೋಜನ ಹೆಚ್ಚಾಗಿ ಸಿಗುವುದು ಕಿಂಡಿಗಳು ಅಡಿಯಲ್ಲಿದ್ದರೆ. ಯಂತ್ರ ಆಫ್ ಮಾಡಿ, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಧೂಳು ಊದಬೇಕು. ಚಿಪ್‌ನಿಂದ ಹೀಟ್ ಪೈಪಿಗೆ ಶಾಖ ದಾಟಿಸುವ, ವರ್ಷಗಳು ಕಳೆದಂತೆ ಒಣಗುವ ಥರ್ಮಲ್ ಪೇಸ್ಟನ್ನು ಬದಲಿಸುವುದು ರಿಪೇರಿ ಬಲ್ಲವರ ಕೆಲಸ. ಫ್ರಿಜ್‌ನಲ್ಲಿಟ್ಟು ತಣಿಸಲು ಹೋದರೆ ತೇವ ಕಟ್ಟಿ ಸರ್ಕ್ಯೂಟ್ ಕೆಡಬಹುದು.