ಔಷಧದಾನದ ಲೆಕ್ಕ

ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕಿರುವ ಸ್ಥಾನ ಶ್ರಾವಕರೆಲ್ಲರಿಗೂ ವಿದಿತವಾದುದು. ಇಂದು ಅದು ಅನೇಕ ಕಡೆ ಯಂತ್ರದಾನದ ರೂಪ ತಾಳಿದೆ. ಯಂತ್ರದ ಮೇಲೆ ದಾನಿಯ ಹೆಸರನ್ನು ಬರೆಯಿಸುತ್ತೇವೆ. ಅದರಿಂದ ಎಷ್ಟು ಜೀವ ಉಳಿಯಿತೆಂಬುದನ್ನು ಬರೆದಿಡುವವರು ವಿರಳ. ಈ ವಿಷಯದಲ್ಲಿ ನಮ್ಮ ರಾಜ್ಯದ ಇತಿಹಾಸವೇ ಒಂದು ಪಾಠವನ್ನು ಕಲಿಸುತ್ತದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1961ರಿಂದ 1968ರವರೆಗೆ ಅದರ ಕಾರ್ಯಕರ್ತರು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಮನೆಮನೆಗೂ ಹೋಗಿ ನೋಂದಾಯಿಸಿ, ಎಕ್ಸ್-ರೇ ತೆಗೆದು, ಕಫ ಪರೀಕ್ಷಿಸಿದರು. ಒಮ್ಮೆ ನೋಡಿ ಕೈಬಿಡದೆ, ಅದೇ ಹಳ್ಳಿಗಳಲ್ಲಿ ಒಟ್ಟು ನಾಲ್ಕು ಬಾರಿ ಸಮೀಕ್ಷೆ ನಡೆಸಿದರು. ಅಲ್ಲಿ ವ್ಯವಸ್ಥಿತ ಚಿಕಿತ್ಸಾ ಕಾರ್ಯಕ್ರಮವಿರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ರೋಗಾಣು ಕಂಡುಬಂದವರ ಪೈಕಿ, ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡಿದ್ದರು; ಸುಮಾರು ಮೂರನೆಯ ಒಂದು ಭಾಗದವರ ಕಫದಲ್ಲಿ ರೋಗಾಣು ಇಲ್ಲವಾಗಿತ್ತು; ಉಳಿದವರಲ್ಲಿ ಅದು ಹಾಗೆಯೇ ಇತ್ತು.

ವ್ಯಾಪಾರಿಗಳಾದ ನಮಗೆ ಇದರ ಅರ್ಥ ಬೇಗ ಹೊಳೆಯಬೇಕು. ಆರಂಭ ಶಿಲ್ಕು ತಿಳಿಯದೆ ಲಾಭವನ್ನು ಹೇಳಲಾಗದು. ಮೂವರಲ್ಲಿ ಒಬ್ಬನನ್ನು ಗುಣಪಡಿಸಿದೆನೆಂದು ಯಾವುದಾದರೂ ಚಿಕಿತ್ಸೆ ಹೆಮ್ಮೆಪಟ್ಟರೆ, ಆ 119 ಹಳ್ಳಿಗಳ ದಾಖಲೆ ಅದನ್ನು ಪ್ರಶ್ನಿಸುತ್ತದೆ: ಅಷ್ಟು ಮಂದಿ ಹೇಗೂ ಚೇತರಿಸಿಕೊಳ್ಳುತ್ತಿದ್ದರಲ್ಲವೇ?

ಯಂತ್ರದ ಕುರಿತೂ ಅದೇ ಸಂಸ್ಥೆ ವಿಚಾರ ಮಾಡಿತು. ಎಕ್ಸ್-ರೇ ವಾಹನವನ್ನು ಊರೂರಿಗೆ ಒಯ್ದು ರೋಗಿಗಳನ್ನು ಹುಡುಕಬೇಕೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಆದರೆ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಅಧ್ಯಯನದಲ್ಲಿ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ಆಸ್ಪತ್ರೆಗೆ ಹೋಗಿದ್ದರೆಂದು ತಿಳಿದುಬಂತು. ಕೊರತೆ ಇದ್ದುದು ವಾಹನದ್ದಲ್ಲ, ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಟಿನದು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಸರಳ ಮಾರ್ಗವನ್ನೇ ಹಿಡಿಯಿತು. ಸಾಮೂಹಿಕ ಎಕ್ಸ್-ರೇ ತಪಾಸಣೆಯನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿ 1974ರಲ್ಲಿ ಹೇಳಿತು.

ಆದರೆ ದಾಖಲೆಯೂ ದಾರಿ ತಪ್ಪಿಸಬಲ್ಲದು. ಬೀದರ ನಗರದ ಅನುಕೂಲಸ್ಥನು ರೋಗದ ಆರಂಭದಲ್ಲೇ ಯಂತ್ರದ ಬಳಿ ಬರುತ್ತಾನೆ. ಔರಾದ ತಾಲ್ಲೂಕಿನ ಕೂಲಿಕಾರನು ಬಸ್ ಚಾರ್ಜು ಹೊಂದಿಸಿಕೊಂಡು ಬರುವಷ್ಟರಲ್ಲಿ ರೋಗ ಬಲಿತಿರುತ್ತದೆ. ಮೊದಲನೆಯವನು ಬದುಕಿದರೆ ಅದು ಯಂತ್ರದ ಗುಣವೋ, ಅವನ ಅನುಕೂಲದ ಫಲವೋ? ಆದುದರಿಂದ ಯಾರು, ಎಲ್ಲಿಂದ, ಯಾವ ಸ್ಥಿತಿಯಲ್ಲಿ ಬಂದರೆಂಬುದನ್ನೂ ಬರೆಯಬೇಕು. ಬಾರದೆ ಹೋದವರನ್ನೂ ವಿಚಾರಿಸಬೇಕು.

ನಮ್ಮ ಟ್ರಸ್ಟುಗಳು ಬೀದರ, ಭಾಲ್ಕಿ, ಔರಾದಗಳ ಆಸ್ಪತ್ರೆಗಳಿಗೆ ಯಂತ್ರ ಕೊಡುವಾಗ, ಐದು ವರ್ಷ ದಾಖಲೆ ಇಡುವ ಒಬ್ಬ ಗುಮಾಸ್ತನ ಸಂಬಳವನ್ನೂ ಸೇರಿಸಿ ಕೊಡಲಿ. ರೋಗಿಯ ಹೆಸರು ಗುಪ್ತವಾಗಿರಲಿ; ಫಲ ಮಾತ್ರ ವರ್ಷಕ್ಕೊಮ್ಮೆ ಟ್ರಸ್ಟಿನ ಸಭೆಗೆ ಬರಲಿ. ಫಲ ಕಾಣದಿದ್ದರೆ ಮುಂದಿನ ದಾನ ಬೇರೆ ದಾರಿ ಹಿಡಿಯಲಿ. ಆ ಹಳ್ಳಿಗಳಲ್ಲಿ ತೀರಿಕೊಂಡವರು ಬರಿಯ ಅಂಕಿಗಳಾಗಿರಲಿಲ್ಲ. ಅವರ ಲೆಕ್ಕವನ್ನು ಬರೆದಿಟ್ಟುದರಿಂದಲೇ ಮುಂದಿನವರ ಚಿಕಿತ್ಸೆಯನ್ನು ಅಳೆಯಲು ಒಂದು ಮಾನದಂಡ ದೊರೆಯಿತು.