ಕೃಷ್ಣಾತೀರದ ಮಣ್ಣು: ಹಳೆಯ ಮೋಜಣಿ ಮತ್ತು ಹೊಸ ನಕ್ಷೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಒಕ್ಕಲುತನಕ್ಕೆ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಎರೆಮಣ್ಣೇ ಆಧಾರವಾಗಿದೆ. ಈ ಎರಡು ನದಿಗಳು ಕೂಡುವ ಚಿಕ್ಕಸಂಗಮದ ಪರಿಸರವನ್ನು ಇಂದು ಆಲಮಟ್ಟಿ ಜಲಾಶಯದ ಹಿನ್ನೀರು ಆವರಿಸುತ್ತದೆ. ನೀರು ಮುಚ್ಚಿದ ನೆಲವನ್ನು ಮಣ್ಣೆಂದು ಎಣಿಸಬೇಕೆ ಎಂಬುದು ವಿಜ್ಞಾನದ ಪ್ರಶ್ನೆಯಾಗಿರುವಂತೆ ಇತಿಹಾಸದ ಪ್ರಶ್ನೆಯೂ ಹೌದು.

ಮುಂಬಯಿ ಪ್ರಾಂತದ ಭೂಮಾಪನ ಪದ್ಧತಿಗೆ 1847ರ ಜಂಟಿ ವರದಿಯು ಸ್ಥಿರರೂಪವನ್ನು ಕೊಟ್ಟಿತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಅದರ ಕರ್ತೃಗಳು. ಬಣ್ಣ ಮತ್ತು ಕಣಗಳನ್ನು ನೋಡಿ ಮಣ್ಣನ್ನು ಮೂರು ತರಗಳಾಗಿಯೂ, ಆಳವನ್ನು ಅಳೆದು ಒಂಬತ್ತು ವರ್ಗಗಳಾಗಿಯೂ ವಿಂಗಡಿಸುತ್ತಿದ್ದರು. ಅತ್ಯುತ್ತಮ ಮಣ್ಣಿಗೆ 16 ಆಣೆ, ಕನಿಷ್ಠಕ್ಕೆ 2 ಆಣೆಯ ಬೆಲೆ. ಸುಣ್ಣಕಲ್ಲು, ಮರಳು, ಇಳಿಜಾರುಗಳಂತೆ ಹರಿಯುವ ನೀರಿನ ಹಾವಳಿಯೂ ದೋಷವೆನಿಸಿ, ಭೂಮಿಯ ದರ್ಜೆಯನ್ನು ತಗ್ಗಿಸುತ್ತಿತ್ತು. ಕಂದಾಯದ ನಿರ್ಧಾರವೇ ಇದರ ಉದ್ದೇಶವಾಗಿದ್ದುದರಿಂದ ನೀರು ಬರಿಯ ಕಳೆಯುವ ಲೆಕ್ಕವಾಯಿತು. ಒಂದೂಮುಕ್ಕಾಲು ಮೊಳಕ್ಕಿಂತ ಹೆಚ್ಚಿನ ಆಳವು ವರ್ಗೀಕರಣಕ್ಕೆ ಬೇಕಾಗಿರಲಿಲ್ಲ. ಬೀಳಗಿಯು ಬ್ರಿಟಿಷ್ ಆಡಳಿತದ ಕಲಾದಗಿ, ಅನಂತರದ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿ, ಮುಧೋಳಗಳು 1948ರ ವಿಲೀನದವರೆಗೆ ಸಂಸ್ಥಾನಗಳಾಗಿದ್ದವು. ಆದುದರಿಂದ ಈ ಪ್ರದೇಶದ ಭೂದಾಖಲೆಗಳನ್ನು ಒಂದೇ ಕಡೆಯಲ್ಲಿ ಅರಸುವುದು ಸಾಲದು.

1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಅದರ ಪೂರ್ಣಮಟ್ಟ 519.6 ಮೀಟರ್, 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ಇದನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು. ಮುಳುಗಡೆಯೊಡನೆ ಹೊಲವು ಒಕ್ಕಲಿಗನ ಕೈಬಿಡುತ್ತದೆ; ಆದರೆ ಮಣ್ಣಿನ ಬದುಕು ಅಲ್ಲಿಗೆ ಮುಗಿಯುವುದಿಲ್ಲ. ಹೂಳು ಕೂರುತ್ತದೆ, ಬೇಸಗೆಯಲ್ಲಿ ನೀರಿಳಿದು ಅಂಚು ಬಯಲಾಗುತ್ತದೆ. ನೀರಾವರಿಯ ಹೊಲಗಳಲ್ಲಿ ಬಸಿಗಾಲುವೆಯಿಲ್ಲದೆಡೆ ಸವಳು-ಜವಳು ತಲೆದೋರುತ್ತದೆ.

ಕಡಲತೀರದ ಅಧ್ಯಯನವು ಇಲ್ಲಿ ದಾರಿ ತೋರಿಸಬಲ್ಲುದು. 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ಕರಾವಳಿಯಲ್ಲಿ ಜಾರ್ಜ್ ಡೆಮಾಸ್ ಎಂಬ ಮೃತ್ತಿಕಾ ವಿಜ್ಞಾನಿಯು ಆಳವಿಲ್ಲದ ಕೊಲ್ಲಿಯ ತಳದಲ್ಲಿಯೂ ಮಣ್ಣಿನ ಪದರಗಳು ರೂಪುಗೊಳ್ಳುವುದನ್ನು ಪ್ರತಿಪಾದಿಸಿದನು. 2010ರಲ್ಲಿ ಆ ದೇಶದ ಮಣ್ಣಿನ ವರ್ಗೀಕರಣದಲ್ಲಿ ಜಲಮಗ್ನ ಮಣ್ಣುಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ದಿನಕ್ಕೆ 21 ಗಂಟೆಗೂ ಮಿಕ್ಕಿ, ಪ್ರತಿವರ್ಷವೂ ನೀರಿನಡಿಯಲ್ಲಿರುವುದು ಅದರ ಲಕ್ಷಣ. ಹೀಗಿರಲು ಹಿನ್ನೀರಿನ ಅಂಚು ಆ ಲಕ್ಷಣಕ್ಕೆ ಒಳಪಡುವುದಿಲ್ಲ. ಅದನ್ನು ಬೇರೆಯಾಗಿಯೇ ಗುರುತಿಸಬೇಕು.

ಹಳೆಯ ಗ್ರಾಮನಕ್ಷೆಯ ಮೇಲೆ ಹೂಳಿನ ದಪ್ಪ, ನೀರಿನ ಮಟ್ಟ ಮತ್ತು ಲವಣಾಂಶಗಳನ್ನು ಗುರುತಿಸಿದರೆ, ಮುಳುಗಿದ ಹೊಲದ ಹಿಂದಿನ ಗುಣವೂ ಇಂದಿನ ಸ್ಥಿತಿಯೂ ಒಂದೇ ಹಾಳೆಯಲ್ಲಿ ಕಾಣುವವು. ಕಂದಾಯಕ್ಕೆಂದು ಬರೆದ ದಾಖಲೆಯು ಹೀಗೆ ನೆಲದ ರಕ್ಷಣೆಗೆ ಸಾಧನವಾಗುವುದು. ಮೋಜಣಿಯ ಕಾಗದಗಳನ್ನು ಕಾಪಾಡುವುದು ಈ ಕಾರ್ಯದ ಮೊದಲ ಹೆಜ್ಜೆ.