ಪಂಚಮವಿಲ್ಲದ ದಾರಿ

ಡಿಸೆಂಬರಿನಲ್ಲಿ ಚಾಕಣದಿಂದ ಪುಣೆಗೆ, ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿಬರುವ ನಮ್ಮ ಕನ್ನಡ ಬಂಧುಗಳಲ್ಲಿ ಕೆಲವರು ಕೇಳುವುದುಂಟು: ಮಾರ್ವಾ ರಾಗ ಕೇಳುವಾಗ ಮನಸ್ಸು ಏಕೆ ನೆಲೆ ತಪ್ಪಿದಂತಾಗುತ್ತದೆ? ಹಾಜರಿ ಪುಸ್ತಕ ನೋಡುವ ಅಭ್ಯಾಸದವರಾದ ನಾವು ಮೊದಲು ಹುಡುಕುವುದು ಗೈರುಹಾಜರಾದವರನ್ನೇ. ಇಲ್ಲಿ ಗೈರುಹಾಜರಾಗಿರುವುದು ಪಂಚಮ.

ಷಡ್ಜದ ಕಂಪನ 2 ಎಂದಿಟ್ಟುಕೊಂಡರೆ ಪಂಚಮದ್ದು 3. ಇಷ್ಟು ಸರಳವಾದ ಪ್ರಮಾಣವಿರುವುದರಿಂದಲೇ ಎರಡೂ ಬೆರೆತಾಗ ಕಿವಿಗೆ ನೆಮ್ಮದಿ. ಪಂಚಮ ಹೋಗಿ ತೀವ್ರ ಮಧ್ಯಮ ಬಂದು ನಿಂತರೆ ಆ ನೆಮ್ಮದಿ ಹೋಯಿತು.

ಮನೆಯಲ್ಲಿ ಹಾರ್ಮೋನಿಯಂ ಇದ್ದವರು ಪರೀಕ್ಷಿಸಬಹುದು. ಬಿಳಿ ಮನೆಗಳಲ್ಲಿ ಶಂಕರಾಭರಣ ನುಡಿಸಿ, ಅನಂತರ ಅದರ ನಿಷಾದವನ್ನೇ ಷಡ್ಜವೆಂದು ಹಿಡಿದು ಅವೇ ಮನೆಗಳ ಮೇಲೆ ನಡೆಯಿರಿ. ರಿ, ಗ, ಧ, ನಿ ನಾಲ್ಕೂ ಕೋಮಲ, ಎರಡು ಮಧ್ಯಮಗಳು ಅಕ್ಕಪಕ್ಕ, ಪಂಚಮವಿಲ್ಲ. ಪಾಶ್ಚಾತ್ಯರು ಲೋಕ್ರಿಯನ್ ಎನ್ನುವ ಕರಾಳ ಶ್ರೇಣಿ ಇದೇ. 1547ರಲ್ಲಿ ಹನ್ನೆರಡು ಶ್ರೇಣಿಗಳನ್ನು ವಿವರಿಸಿದ ಗ್ಲಾರೇನಸ್ ಇದನ್ನು ಬಳಕೆಗೆ ಬಾರದೆಂದು ಹೊರಗಿಟ್ಟನು. ಷಡ್ಜ-ತೀವ್ರ ಮಧ್ಯಮಗಳ ಅಂತರಕ್ಕೆ ಅಲ್ಲಿ 'ಸಂಗೀತದ ಸೈತಾನ' ಎಂಬ ಅಡ್ಡಹೆಸರೂ ಬಿತ್ತು. ಚರ್ಚು ಅದನ್ನು ನಿಷೇಧಿಸಿತ್ತೆಂಬ ಕಥೆಗೆ ಮಾತ್ರ ಆಧಾರವಿಲ್ಲ.

ನಮ್ಮಲ್ಲೂ ಗ್ರಹಭೇದದಿಂದ ಹುಟ್ಟುವ ಈ ಶ್ರೇಣಿಗೆ ಮೇಳದ ಪಟ್ಟ ಸಿಗಲಿಲ್ಲ. 17ನೇ ಶತಮಾನದಲ್ಲಿ 72 ಮೇಳಗಳನ್ನು ಲೆಕ್ಕಹಾಕಿದ ವೆಂಕಟಮಖಿ ಎಲ್ಲದರಲ್ಲೂ ಪಂಚಮವನ್ನು ಸ್ಥಿರವಾಗಿರಿಸಿದರು. ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು, ತಂಜಾವೂರು ನಾಯಕರ ಮಂತ್ರಿ. ನಮ್ಮಂತೆಯೇ ಹೊರನಾಡ ಕನ್ನಡಿಗರು!

ಆದರೆ ಮೇಳದ ಲೆಕ್ಕ ಬೇರೆ, ರಾಗದ ಬಾಳು ಬೇರೆ. ಪಂಚಮ ಬಿಟ್ಟ ರಾಗಗಳಿಗೆ ನಮ್ಮವರು ಹೊತ್ತನ್ನೂ ಗೊತ್ತುಮಾಡಿದರು. ಮಾಲಕಂಸಕ್ಕೆ ನಡುರಾತ್ರಿ, ಎರಡು ಮಧ್ಯಮಗಳ ಲಲಿತಕ್ಕೆ ನಸುಕು, ಮಾರ್ವಾಕ್ಕೆ ಸೂರ್ಯ ಮುಳುಗುವ ವೇಳೆ. ಮಾರ್ವಾದಲ್ಲಿ ಕೋಮಲ ರಿಷಭವೂ ಶುದ್ಧ ಧೈವತವೂ ಆಳುತ್ತವೆ. ಗಾಯಕರು ಷಡ್ಜವನ್ನೇ ತಪ್ಪಿಸುತ್ತಾ ಹೋಗುತ್ತಾರೆ. ತಂಬೂರಿಯ ಪಂಚಮದ ತಂತಿಯನ್ನೂ ನಿಷಾದಕ್ಕೋ ಧೈವತಕ್ಕೋ ಕೂಡಿಸುವುದು ರೂಢಿ. ಮನೆಗೆ ಮರಳುವುದು ತಡವಾದಷ್ಟೂ ರಾಗ ಕಳೆಗಟ್ಟುತ್ತದೆ. ಬಿಟ್ಟ ಊರಿನ ನೆನಪು ಇದರಲ್ಲಿ ಬರುವಷ್ಟು ಯಾವ ಭಾವಗೀತೆಯಲ್ಲೂ ಬಾರದೆಂಬುದು ನಮ್ಮ ಅಭಿಪ್ರಾಯ.

ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಮರುವರ್ಷ ಗದುಗಿನ ಭೀಮಸೇನ ಜೋಶಿಯವರು ಗುರುಗಳ ನೆನಪಿಗೆ ಈ ಉತ್ಸವ ತೊಡಗಿಸಿದರು. ಅದೇ ಗುರುವಿನ ಶಿಷ್ಯೆ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಗಡಸು ಕಂಠದಲ್ಲಿ ಮಾರ್ವಾ ಕೇಳಿದವರಿಗೆ ಬೇರೆ ವಿವರಣೆ ಬೇಕಾಗದು. ಹಿಂದೆ ಉತ್ಸವ ರಾತ್ರಿಯಿಡೀ ನಡೆಯುತ್ತಿತ್ತು. ಧ್ವನಿವರ್ಧಕದ ನಿಯಮಗಳು ಬಿಗಿಯಾದ ಮೇಲೆ ನಸುಕಿನ ಲಲಿತಕ್ಕೆ ಅದರ ಹೊತ್ತು ಮೊದಲಿನಂತೆ ಒದಗುವುದಿಲ್ಲ. ಸಂಜೆಯ ಮಾರ್ವಾಕ್ಕೆ ಆ ತೊಂದರೆಯಿಲ್ಲ.